ಬೀರುವಿನಲ್ಲಿದ್ದ ಡಿಸ್ಕ್

ಸ್ಟುಡಿಯೋ ಅಣ್ಣನಿಗೆ ನಮಸ್ಕಾರ.

ನನ್ನ ಅಕ್ಷರ ಸೊಟ್ಟ, ತಪ್ಪುಗಳೂ ಇರುತ್ತವೆ, ಬೇಸರಿಸಬೇಡಿ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ.

ಮೊನ್ನೆ ಕರೆಂಟು ಒಮ್ಮೆಲೇ ಜಾಸ್ತಿ ಬಂದು ಕಂಪ್ಯೂಟರೂ ಅದಕ್ಕೆ ಸಿಕ್ಕಿಸಿದ್ದ ಹಾರ್ಡ್ ಡಿಸ್ಕೂ ಸುಟ್ಟುಹೋದವು. ಹೋದ ತಿಂಗಳ ಮದುವೆಯ ಫೋಟೋಗಳೂ ಹೋದವೆಂದು ಅತ್ತಿಗೆ ತಲೆಯ ಮೇಲೆ ಕೈಹೊತ್ತು ಕೂತರು. ಆ ಮದುಮಗಳ ತಂದೆ ಮದುವೆಯಾದ ವಾರಕ್ಕೇ ತೀರಿಕೊಂಡರಲ್ಲ.

ಅವೇ ಫೋಟೋಗಳ ಇನ್ನೊಂದು ಪ್ರತಿ ಇಡುವ ಎರಡನೆಯ ಡಿಸ್ಕನ್ನು ನಾನು ದಿನವೂ ಕಾಪಿ ಮುಗಿದೊಡನೆ ವೈರು ಬಿಚ್ಚಿ, ಬಟ್ಟೆ ಸುತ್ತಿ ಬೀರುವಿನಲ್ಲಿಡುತ್ತೇನೆ. "ಏನೇ, ಕಾವಿಗಿಟ್ಟಿದೀಯಾ? ಮರಿ ಯಾವಾಗ?" ಎಂದು ಅತ್ತಿಗೆ ನಗುತ್ತಿದ್ದರು. ಅದನ್ನು ಅವರ ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಒಂದೂ ಬಿಡದೆ ಎಲ್ಲ ಫೋಟೋಗಳಿವೆ.

ಹೊಸ ಡಿಸ್ಕೊಂದು ಬೇಗ ಬೇಕು. ಒಂದೇ ಪ್ರತಿ ಇದ್ದರೆ ನನಗೆ ಧೈರ್ಯ ಸಾಲದು. ನೀವು ಮಾತ್ರ ಕಾಲು ವಾಸಿಯಾಗದೆ ಆಸ್ಪತ್ರೆ ಬಿಡಬೇಡಿ.

ಇಂದು ಬೆಳಿಗ್ಗೆ, ಆ ತಂದೆ ಮಗಳ ಹೆಗಲು ಹಿಡಿದು ನಗುತ್ತಿರುವ ಫೋಟೋವನ್ನು, ನಿಮ್ಮನ್ನು ಕೇಳದೆಯೇ, ದೊಡ್ಡದಾಗಿ ಪ್ರಿಂಟ್ ತೆಗೆದು ಅವಳಿಗೆ ಕೊಟ್ಟುಬಂದೆ.

ಇಂತಿ,
ನಿಮ್ಮ ಸ್ಟುಡಿಯೋ ಹುಡುಗಿ