ಆರರಲ್ಲಿ ಒಂದು ಡಮರು

ಜನವರಿ 9, ಗುರುವಾರ. ಬೆಳಿಗ್ಗೆ 10:20

ಎರಡನೆಯ ಕಾಫಿ. ಮತ್ತೆ ಅದೇ ಹಿತ್ತಾಳೆ ಬೀಗ. ಎಡಗೈಯಲ್ಲಿ ಬೀಗವನ್ನು ತಿರುಗಿಸಿ ಹಿಡಿಯುವ ಟೆನ್ಶನ್ ಕಡ್ಡಿ, ಬಲಗೈಯಲ್ಲಿ ಒಳಗಿನ ಪಿನ್ನು ಎತ್ತುವ ಪಿಕ್. ನಲವತ್ತು ನಿಮಿಷ ಆಯಿತು. ಒಂದು ಕೂದಲೆಳೆಯಷ್ಟು ತಿರುಗಿತು, ನಿಂತಿತು.

ಇದಕ್ಕೆ ಕೀಲಿಕೈ ಇಲ್ಲದೆ ಬೀಗ ತೆರೆಯುವ ನಮ್ಮ ಕ್ಲಬ್ಬಿನ ಆರ್ವಿಡ್ ಸುಳ್ಳು ತಿರುವು ಎನ್ನುತ್ತಾರೆ. ಒಳಗೆ ಆರು ಪಿನ್ನು. ಸಾದಾ ಪಿನ್ನಾದರೆ ಎತ್ತಿದ ಕೂಡಲೇ ಕೂರುತ್ತದೆ. ಇವು ನಡು ಸಣ್ಣಗೆ ಕೊರೆದವು. ಅವರ ಬಾಯಲ್ಲಿ ಸ್ಪೂಲ್, ನನ್ನ ಕಣ್ಣಿಗೆ ಥೇಟ್ ಡಮರು. ನಡುವಿನಲ್ಲಿ ಸಿಕ್ಕಿಕೊಂಡು, ಬೀಗ ತೆರೆದೇಬಿಟ್ಟಿತು ಎಂದು ನಂಬಿಸುತ್ತವೆ. ಆಗ ಜೋರು ಮಾಡಬಾರದು. ಕೈ ಸಡಿಲಿಸಬೇಕು. ಗಳಿಸಿದ ಆ ಕೂದಲೆಳೆಯನ್ನೂ ಬಿಟ್ಟುಕೊಡಬೇಕು.

ನಮ್ಮ ಕಡೆ ಟೆನ್ಶನ್ ಎಂದರೆ ತಲೆಬಿಸಿ. ಇಲ್ಲಿ ಒಂದು ತಗಡಿನ ಚೂರು. ವ್ಯತ್ಯಾಸ ಕಾಣಲಿಲ್ಲ.

ಹದಿನಾರು ವರ್ಷ ಊರಿನವರ ಹಲ್ಲು ಸ್ವಚ್ಛ ಮಾಡಿದ ಕೈ. ಒಸಡಿನ ಕೆಳಗೆ ಹಲ್ಲಿಗಂಟಿದ, ಕಣ್ಣಿಗೆ ಬೀಳದ ಗಾರೆ ಕೊಕ್ಕೆಯ ತುದಿಗೆ ತಿಳಿಯುತ್ತಿತ್ತು. ಸೆಪ್ಟೆಂಬರಿನಲ್ಲಿ ಕ್ಲಿನಿಕ್ ಮಾರಿದರು. ಹೊಸಬರಿಗೆ ನಾನು ಬೇಕಾಗಲಿಲ್ಲ. ಕೈಗೊಂದು ಕೆಲಸ ಇರಲಿ ಎಂದು ಬೀಗ.

ಜನವರಿ 10

ನಿನ್ನೆ ಸಂಜೆ ಕ್ಲಬ್. ಲೈಬ್ರರಿಯ ನೆಲಮಾಳಿಗೆ, ಒಂಬತ್ತು ಜನ. ಅಮೆರಿಕದ ಈ ಡುಲೂತ್‌ನಲ್ಲಿ ಮೈನಸ್ ಇಪ್ಪತ್ತು ಇರುವಾಗ ಇನ್ನೇನು ಮಾಡುತ್ತಾರೆ.

ಸ್ಕೂಲ್ ಬಸ್ ಓಡಿಸುವ ಬಾರ್ಬ್ ಪಕ್ಕದಲ್ಲಿ ಕೂತು ತನ್ನ ಬೀಗವನ್ನು ಮೂರು ಸಲ ತೆರೆದಳು. "ಏನೇ ಮ್ಯಾಂಡಿ, ಅದಕ್ಕೆ ಹಲ್ಲುನೋವಾ? ಇಂಜೆಕ್ಷನ್ ಕೊಟ್ಟು ನೋಡು." ಎಲ್ಲರೂ ನಕ್ಕರು. ಮಂದಾಕಿನಿ ಎನ್ನಲು ಯಾರಿಗೂ ಬಾರದು, ನಾನೂ ಒತ್ತಾಯಿಸಿದವಳಲ್ಲ.

ಗೋಡೆಯ ಮೇಲೆ ಹಲಗೆ. ನಾಲ್ಕನೆಯ ಸಾಲು ಡಮರು ಗೆದ್ದವರದು. ಅಲ್ಲಿ ಹೆಸರು ಬರಬೇಕಾದರೆ ಇಬ್ಬರ ಮುಂದೆ ತೆರೆಯಬೇಕು. ಆಮೇಲೆ ಬೀಗವನ್ನು ಬಿಚ್ಚಿ, ಪಿನ್ನುಗಳನ್ನು ಬಟ್ಟೆಯ ಮೇಲೆ ಸಾಲಾಗಿ ಇಟ್ಟು ತೋರಿಸಬೇಕು. ಆಗ ಆರ್ವಿಡ್ ಹಿತ್ತಾಳೆ ಬಿಲ್ಲೆಯ ಮೇಲೆ ಒಂದೊಂದೇ ಅಕ್ಷರ ಕುಟ್ಟುತ್ತಾರೆ. ರೈಲ್ವೆ ಯಾರ್ಡಿನಲ್ಲಿ ಮೆಷಿನಿಸ್ಟ್ ಆಗಿದ್ದವರು, ಎಪ್ಪತ್ನಾಲ್ಕು ವರ್ಷ, ಕೈ ಇನ್ನೂ ನಡುಗುವುದಿಲ್ಲ.

ಆ ಬಿಲ್ಲೆ ಬೇಕು. ಈ ವಯಸ್ಸಿನಲ್ಲಿ ಇದನ್ನು ಇಷ್ಟೊಂದು ಬಯಸುವುದು ನಾಚಿಕೆಗೇಡೇ? ಇರಬಹುದು. ಬೇಕು.

ಜನವರಿ 18, ಶನಿವಾರ

ಹತ್ತು ದಿನ, ಒಂದೇ ಕೂದಲೆಳೆ. ಬೆರಳ ತುದಿ ಒರಟಾಗಿದೆ.

ಲೈಲ್ ತಟ್ಟೆ ಮುಂದಿಟ್ಟ. "ತಿನ್ನು. ಬೀಗ ಎಲ್ಲೂ ಓಡಿಹೋಗಲ್ಲ."

"ಹಸಿವಿಲ್ಲ."

"ನಿನ್ನೆನೂ ಹಸಿವಿರಲಿಲ್ಲ." ಚಮಚ ಕೈಗಿಟ್ಟ. ಒಳ್ಳೆಯ ಗಂಡ. ಊರಿಗೆಲ್ಲ ಬೇಕಾದವನು. ಏನು ಬರೀತೀಯ ಎಂದ. ಸಾಮಾನಿನ ಪಟ್ಟಿ ಎಂದೆ. ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಈಗ ಕನ್ನಡ ಓದಲು ಬಾರದ ಇವನ ಕಣ್ಣೆದುರೇ ಬರೆಯುತ್ತೇನೆ, ಬೆಂಚಿಲ್ಲ.

ಜನವರಿ 24

ನಿನ್ನೆ ಕ್ಲಬ್ಬಿನಲ್ಲಿ ಆರ್ವಿಡ್ ನನ್ನ ಬೀಗವನ್ನು ತಿರುಗಿಸಿ ನೋಡಿ ಜೇಬಿಗಿಳಿಸಿದರು. "ಒಣಗಿದೆ ಮಗಳೇ. ಎಣ್ಣೆ ಬಿಟ್ಟು ಮುಂದಿನ ವಾರ ತರ್ತೀನಿ." ಒಂದು ವಾರ ಕೈ ಖಾಲಿ. ಚಮಚ ತಿರುಗಿಸುತ್ತಾ ಕೂತಿದ್ದೇನೆ.

ಜನವರಿ 31, ಶುಕ್ರವಾರ. ಬೆಳಿಗ್ಗೆ 7

ತೆರೆಯಿತು!! ನಿನ್ನೆ ಕ್ಲಬ್ಬಿನಲ್ಲಿ, ಹನ್ನೊಂದು ನಿಮಿಷ. ಬಾರ್ಬ್, ಆರ್ವಿಡ್ ಇಬ್ಬರೂ ನೋಡುತ್ತಿದ್ದರು. ಸುಳ್ಳು ತಿರುವು ಬಂತು, ಕೈ ಸಡಿಲಿಸಿದೆ, ಹಿಂದಕ್ಕೆ ಸರಿಯಿತು, ಟಿಕ್ ಎಂದಿತು— ಬೀಗದ ಸರಳು ಕೈಗೆ ನೆಗೆದು ಬಂತು. ಅತ್ತುಬಿಟ್ಟೆ. ಎಲ್ಲರೆದುರು.

ಬಿಚ್ಚಲು ಹೋದರೆ ಆರ್ವಿಡ್ ತಡೆದರು. "ಬೇಡ ಬೇಡ, ಹಳೇ ಸ್ಪ್ರಿಂಗು, ಹಾರಿಹೋಗುತ್ತೆ. ನಾವು ನೋಡಿದ್ದೀವಲ್ಲ." ಬಿಲ್ಲೆ ಕುಟ್ಟಿದರು. ಬೀಗವನ್ನೂ ನನಗೇ ಕೊಟ್ಟರು. ಇವತ್ತು ಲೈಲ್ ಮೀನು ಕರಿಯುತ್ತಾನಂತೆ, ಹಬ್ಬ.

ಫೆಬ್ರವರಿ 2, ಭಾನುವಾರ. ಮಧ್ಯಾಹ್ನ 2

ಆರು ಪಿನ್ನುಗಳನ್ನೂ ಚೌಕಟ್ಟು ಹಾಕಿಸೋಣ ಎಂದುಕೊಂಡೆ. ಹೆಮ್ಮೆ. ಸರಳಿನ ತೂತಿನೊಳಗಿನ ಸ್ಕ್ರೂ ಬಿಚ್ಚಿದೆ— ಬೀಗ ತೆರೆದಿದ್ದಾಗ ಮಾತ್ರ ಕೈಗೆ ಸಿಗುವ ಸ್ಕ್ರೂ ಅದು. ಬಿಳಿ ಟವೆಲ್ ಮೇಲೆ ಒಂದೊಂದಾಗಿ ಸುರಿದೆ.

ಸಾದಾ. ಸಾದಾ. ಡಮರು. ಸಾದಾ. ಸಾದಾ. ಸಾದಾ.

ಡಮರು ಕಪ್ಪಾಗಿದೆ. ಉಳಿದ ಐದೂ ಹೊಚ್ಚ ಹೊಸವು, ಮಿರಮಿರ.

ಸ್ಪ್ರಿಂಗುಗಳೂ ಹೊಸವು.

ಫೆಬ್ರವರಿ 7

ನಿನ್ನೆ ಎಲ್ಲರಿಗಿಂತ ಮೊದಲು ಹೋದೆ. ಟವೆಲ್ ಬಿಚ್ಚಿ ಆರ್ವಿಡ್ ಮುಂದಿಟ್ಟೆ. ಕನ್ನಡಕ ತೆಗೆದು ಒರೆಸಿದರು. ಮತ್ತೆ ಒರೆಸಿದರು.

"ಲೈಲ್ ಫೋನ್ ಮಾಡಿದ್ದ. ಅವಳು ಊಟ ಬಿಟ್ಟಿದ್ದಾಳೆ, ಒಂದು ಸಲ ತೆರೆದ್ರೆ ಸರಿಹೋಗ್ತಾಳೆ ಅಂದ. ನಂಗೂ ಹೌದು ಅನ್ನಿಸ್ತು."

"ಒಂದನ್ನ ಯಾಕೆ ಬಿಟ್ರಿ?"

"ಒಂದೂ ಇಲ್ಲದಿದ್ರೆ ನಿನ್ನ ಕೈಗೆ ಗೊತ್ತಾಗಿಬಿಡ್ತಿತ್ತು. ನಿನ್ನ ಕೈ ಅಷ್ಟು ಚೆನ್ನಾಗಿದೆ ಮಗಳೇ."

ಇಷ್ಟು ದಿನಕ್ಕೆ ಸಿಕ್ಕ ಒಂದೇ ನಿಜವಾದ ಹೊಗಳಿಕೆ. ಅದೂ ಮೋಸದ ಹೊಟ್ಟೆಯೊಳಗಿಂದ.

ಜೇಬಿನಿಂದ ಮಾತ್ರೆ ಡಬ್ಬಿ ತೆಗೆದರು, ವಾರದ ಹೆಸರು ಬರೆದದ್ದು. ಸೋಮವಾರದಿಂದ ಶುಕ್ರವಾರದವರೆಗೆ ಒಂದೊಂದು ಹಳೆಯ ಡಮರು. ಯಾವತ್ತಾದರೂ ಕೇಳುತ್ತೇನೆಂದು ಇಟ್ಟುಕೊಂಡೇ ಓಡಾಡುತ್ತಿದ್ದರಂತೆ. ಹಲಗೆಯಿಂದ ನನ್ನ ಬಿಲ್ಲೆ ನಾನೇ ಕಿತ್ತೆ.

ಅಷ್ಟರಲ್ಲಿ ಬಾರ್ಬ್ ಬಂದಳು. ಟವೆಲ್ ನೋಡಿ ಅವಳ ಮುಖ ಬದಲಾಗಲಿಲ್ಲ. ಅದೇ ಚುಚ್ಚಿದ್ದು.

"ನಿಂಗೂ ಗೊತ್ತಿತ್ತಾ?"

"ಯಾರೂ ಹೇಳಿರಲಿಲ್ಲ. ಹನ್ನೊಂದು ನಿಮಿಷ ಅಂದಾಗ್ಲೇ ಅನುಮಾನ ಬಂತು. ನೀನು ನೋಡಿದ್ರೆ ಅಳ್ತಿದ್ದೆ. ಬಾಯಿ ಮುಚ್ಕೊಂಡೆ, ಜೀವನದಲ್ಲಿ ಮೊದಲನೇ ಸಲ."

ಬಾರ್ಬ್ ಕೂಡ.

ಫೆಬ್ರವರಿ 8, ಶನಿವಾರ. ಬೆಳಿಗ್ಗೆ 11

ಲೈಲ್ ಅಂಗಳದ ಹಿಮ ಬಾಚುತ್ತಿದ್ದ. ಚಪ್ಪಲಿಯಲ್ಲೇ ಹೋಗಿ ನಿಂತೆ.

"ಆರ್ವಿಡ್‌ಗೆ ಫೋನ್ ಮಾಡಿದ್ಯಾ?"

"ನಾನೇನು ಕೊಲೆ ಮಾಡಿದ್ನಾ? ನಿಂಗೊಂದು ಗೆಲುವು ಬೇಕಿತ್ತು ಮ್ಯಾಂಡಿ. ಒಳಗೆ ಹೋಗು, ಕಾಲು ಮರಗಟ್ಟುತ್ತೆ."

"ಇನ್ನೂ ಏನೇನು ಹೀಗೆ?"

"ಏನೇನು ಅಂದ್ರೆ?"

"ಕ್ಲಿನಿಕ್ಕಿನ ಕೆಲಸ. ಅದರ ಡಾಕ್ಟರು ನಿನ್ನ ಜೊತೆ ಐಸ್ ಹಾಕಿ ಆಡ್ತಿದ್ದವರು."

ಸಲಿಕೆಯನ್ನು ನೆಲಕ್ಕೆ ಬಡಿದು ಹಿಮ ಉದುರಿಸಿದ. "ಅದು ಬೇರೆ ವಿಷಯ."

ಅಲ್ಲ ಎನ್ನಲಿಲ್ಲ. ಬೇರೆ ವಿಷಯ.

"ಒಂದು ಮಾತು ಹಾಕಿದ್ದೆ, ಅಷ್ಟೆ. ಮಿಕ್ಕಿದ್ದೆಲ್ಲಾ ನೀನೇ."

ಹದಿನೇಳು ಜನರಲ್ಲಿ ನನ್ನನ್ನೇ ಆರಿಸಿದರು ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೆ. ಅಮ್ಮ ಅದನ್ನು ಬೀದಿಗೆಲ್ಲ ಹೇಳಿದಳು, ಸಾಯುವ ತನಕ ಹೇಳಿದಳು. ಈ ಒಂದು ಮಾತು ಎಷ್ಟು ಪಿನ್ನಿನ ಸಮ? ಒಂದು? ಐದು? ಹದಿನಾರು ವರ್ಷವನ್ನು ಬಿಚ್ಚಿ ಟವೆಲ್ ಮೇಲೆ ಸುರಿಯಲು ಸ್ಕ್ರೂ ಎಲ್ಲಿರುತ್ತದೆ?

ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬಯ್ಯಬಹುದಿತ್ತು.

ಫೆಬ್ರವರಿ 11

ಊಟಕ್ಕೆ ಕರೆದ. ಹೋದೆ. ತಿಂದೆ, ಎಲ್ಲವನ್ನೂ. ತಿನ್ನದಿದ್ದರೆ ಇನ್ನಾರಿಗಾದರೂ ಫೋನ್ ಮಾಡಿಯಾನು.

ಮಾರ್ಚ್ 1, ಶನಿವಾರ

ಬಾರ್ಬ್ ಮನೆಗೆ ಹೋದೆ. ಬೀಗ, ಅದರ ಕೀಲಿಕೈ, ಮಾತ್ರೆ ಡಬ್ಬಿ, ಆ ಒಂದು ಡಮರು, ಎಲ್ಲ ಅವಳ ಮುಂದಿಟ್ಟೆ. "ನೀನು ತುಂಬಿಸಿಕೊಡು. ನಾನೇ ತುಂಬಿಸಿದ್ರೆ ಯಾವ ಗುಂಡಿಯಲ್ಲಿ ಯಾವ ಡಮರು ಅಂತ ಗೊತ್ತಿರುತ್ತೆ. ಅದೂ ಸಹಾಯವೇ."

"ಸಾದಾ ಪಿನ್ನು?"

"ನದಿಗೆಸೆ. ಕೀಲಿಕೈ ನಿನ್ನ ಹತ್ರ ಇರಲಿ."

ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅರ್ಧ ಗಂಟೆ ಬೈಗುಳ ಕೇಳಿಸಿತು. ಹೊರಗೆ ಬಂದು ಬೀಗ ಕೈಗೆ ತುರುಕಿದಳು. "ಆರೂ ಡಮರು. ಇನ್ನು ಬೇಕಾದ್ರೆ ಅಳು, ಬೇಕಾದ್ರೆ ಸಾಯಿ, ನಾನು ತಿರುಗಿ ನೋಡಲ್ಲ."

ಒಳ್ಳೆಯದು ಎಂದೆ. ಬಾಗಿಲ ತನಕ ಬಂದು ನನ್ನ ಸ್ಕಾರ್ಫ್ ಸರಿಮಾಡಿ ಕಳಿಸಿದಳು. ಯಾಕೆ ಸರಿಮಾಡಿದಳು?

ಮಾರ್ಚ್ 9, ಭಾನುವಾರ. ಮಧ್ಯಾಹ್ನ 3:40

ಎಂಟು ದಿನ. ಈಗಷ್ಟೇ.

ಮೊದಲ ಸುಳ್ಳು ತಿರುವು. ಸಡಿಲಿಸಿದೆ. ಎರಡು ಪಿನ್ನು ಜಾರಿ ಬಿದ್ದವು, ಮತ್ತೆ ಎತ್ತಿದೆ. ಮತ್ತೆ ತಿರುವು, ಮತ್ತೆ ಸಡಿಲ. ಒಂದೊಂದೂ ಒದ್ದಾಡಿ, ಕಡ್ಡಿಯನ್ನು ಹಿಂದಕ್ಕೆ ದೂಡಿ, ಆಮೇಲೆ ಕೂತಿತು. ಎಣಿಸಿದೆ. ಹಾಗೆ ದೂಡುವುದು ಡಮರು ಮಾತ್ರ. ಐದು ಖಂಡಿತ. ಆರನೆಯದು... ಆರನೆಯದೂ ದೂಡಿತು ಎಂದೇ ನೆನಪು. ಸರಳು ನೆಗೆಯಿತು.

ಈ ಸಲ ಅಳು ಬರಲಿಲ್ಲ. ಮೇಜಿನ ಮೇಲೆ ತೆರೆದುಕೊಂಡು ಬಿದ್ದಿದೆ.

ಲೈಲ್ ಪಕ್ಕದ ಕೋಣೆಯಿಂದ ಕೂಗಿದ. "ಟಿಕ್ ಅಂದಿತಲ್ಲ! ತೆರೀತಾ?"

"ಇಲ್ಲ" ಎಂದೆ.

ಎದ್ದು ನೋಡಲು ಬರಲಿಲ್ಲ. ಪಾಪ, ಈಗ ಕಲಿತಿದ್ದಾನೆ.

ಸರಳಿನ ತೂತಿನ ತಳದಲ್ಲಿ ಸ್ಕ್ರೂ ಕಾಣುತ್ತಿದೆ. ಬಿಚ್ಚಬೇಕಾಗಿಲ್ಲ. ಕೈಗೆ ಗೊತ್ತು. ಆರ್ವಿಡ್ ಹೇಳಿದರಲ್ಲ, ನಿನ್ನ ಕೈಗೆ ಗೊತ್ತಾಗುತ್ತದೆ ಎಂದು. ಕೈಯನ್ನು ನಂಬಿ ಸರಳು ಒತ್ತಿಬಿಟ್ಟರೆ ಸ್ಕ್ರೂ ಮರೆಯಾಗುತ್ತದೆ, ಮುಗಿಯಿತು, ಇದು ನನ್ನದು. ಆದರೆ ಬಾರ್ಬ್ ಅವತ್ತು ಸ್ಕಾರ್ಫ್ ಸರಿಮಾಡಿದಳಲ್ಲ, ಅದೇ ಕನಿಕರಕ್ಕೆ ಒಂದು ಸಾದಾ ಪಿನ್ನು...

ಒತ್ತಿಬಿಡುತ್ತೇನೆ.

ಟವೆಲ್ ಹಾಸಿದ್ದೇನೆ. ಸ್ಕ್ರೂಡ್ರೈವರ್ ಇಲ್ಲೇ ಇತ್ತು, ಕಾಫಿ ಲೋಟದ ಹಿಂದೆ—