ಒಗ್ಗರಣೆಗೆ ಮಂಡಕ್ಕಿ ತಪ್ಪೆಂದ ತೀರ್ಪುಗಾರರಿಗೆ

ಮಾನ್ಯ ಮುಖ್ಯ ತೀರ್ಪುಗಾರರೇ,

ತಮ್ಮ ವಾಹಿನಿಯ ಭಾನುವಾರದ ರಸಪ್ರಶ್ನೆಯಲ್ಲಿ ನಾನು ಕೊಟ್ಟ ಸರಿ ಉತ್ತರವನ್ನು ತಾವು ತಪ್ಪೆಂದು ತೀರ್ಮಾನಿಸಿ ನನ್ನನ್ನು ಮನೆಗೆ ಕಳುಹಿಸಿದ್ದೀರಿ. ಮನೆಗೆ ಬಂದದ್ದಕ್ಕೆ ನನಗೆ ಬೇಸರವಿಲ್ಲ, ಮನೆ ಚೆನ್ನಾಗಿಯೇ ಇದೆ. ಆದರೆ ಉತ್ತರ ಸರಿಯಿತ್ತು. ಇದನ್ನು ಮೂರು ಸಲ ಇಮೇಲ್ ಮಾಡಿ ತಿಳಿಸಿದೆ. ಮೂರಕ್ಕೂ ‘ತಜ್ಞರ ಸಮಿತಿ ಪರಿಶೀಲಿಸಿದೆ, ತೀರ್ಪೇ ಅಂತಿಮ’ ಎಂಬ ಒಂದೇ ಸಾಲು ಬಂತು. ಗಿಣಿಯಾದರೂ ಮೂರನೇ ಸಲಕ್ಕೆ ಬೇಸತ್ತು ಬೇರೆ ಮಾತಾಡುತ್ತಿತ್ತು. ಇನ್ನು ನಾಲ್ಕು ಜನ ಓದಲಿ ಎಂದು ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಾನು ಯಾರೆಂದು ತಮಗೆ ನೆನಪಿರಲಾರದು. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನನ್ನ ಅವ್ವ ತಿಪ್ಪಕ್ಕ ಮೂವತ್ತೆಂಟು ವರ್ಷದ ಹಿಂದೆ ಇಟ್ಟ ಒಗ್ಗರಣೆ-ಮಿರ್ಚಿ ಅಂಗಡಿಯಲ್ಲಿ ಈಗ ಬಾಣಲೆ ಮುಂದೆ ನಿಲ್ಲುವವಳು ನಾನು. ಪಿಯುಸಿ ಆದ ಮೇಲೆ ಅನುಸೂಯಾ ಓದು ಬಿಟ್ಟಳು ಎಂದು ಜನ ಹೇಳುತ್ತಾರೆ. ಶುದ್ಧ ಸುಳ್ಳು. ಮಿರ್ಚಿ ಕಟ್ಟಿಕೊಡುವ ಹಳೆಯ ಪೇಪರನ್ನು ಓದದೆ ನಾನು ಎಂದೂ ಹರಿದಿಲ್ಲ. ಈ ವಿದ್ಯಾಭ್ಯಾಸದಲ್ಲಿ ಒಂದೇ ಕೊರತೆ. ಯಾವ ದೇಶದಲ್ಲಿ ಚುನಾವಣೆ ನಡೆಯಿತೆಂದು ನನಗೆ ಗೊತ್ತಿರುತ್ತದೆ, ಗೆದ್ದವರು ಯಾರೆಂಬ ತುಂಡು ಗಿರಾಕಿಯ ಜೊತೆ ಸಂಡೂರಿನ ಬಸ್ಸು ಹತ್ತಿರುತ್ತದೆ. ಆದರೂ ಕಡಾಯಿಯ ಎಣ್ಣೆ ಕಾಯುವವರೆಗೆ ನಾನು ಗಿರಾಕಿಗಳಿಗೆ ಜಗತ್ತಿನ ಸುದ್ದಿ ಹೇಳುತ್ತಲೇ ಇರುತ್ತೇನೆ. ಅದನ್ನು ಕೇಳಿ ಕೇಳಿ ಸಾಕಾಗಿಯೋ ಏನೋ, ಆಟೋ ಓಡಿಸುವ ಹೊನ್ನೂರಸ್ವಾಮಿ ನನ್ನನ್ನೊಂದು ಮಾತೂ ಕೇಳದೆ ತಮ್ಮ ವಾಹಿನಿಯ ಆ್ಯಪಿನಲ್ಲಿ ನನ್ನ ಹೆಸರು ಹಾಕಿಬಿಟ್ಟರು. “ಅಕ್ಕಾ, ಬಾಣಲಿ ಮುಂದ ಹೇಳೋದನ್ನ ಟೀವಿ ಮುಂದ ಹೇಳ್ರಿ, ಅಷ್ಟ” ಎಂದರು.

ಮೊದಲ ಸುತ್ತು ನಮ್ಮೂರಿನ ಕಲ್ಯಾಣ ಮಂಟಪದಲ್ಲಿ ನಡೆಯಿತು. ನಾನೂರು ಜನ ಬಂದಿದ್ದರು, ಹನ್ನೊಂದು ಜನ ಉಳಿದೆವು. ಎರಡನೇ ಸುತ್ತು ವಿಡಿಯೋ ಕರೆಯಲ್ಲಿ. ಕಡಲೆಹಿಟ್ಟಿನ ಡಬ್ಬಿಗೆ ಮೊಬೈಲು ಒರಗಿಸಿ ಉತ್ತರ ಹೇಳಿದೆ, ಅದರಲ್ಲೂ ಪಾಸಾದೆ. ಆಗ ‘ಸ್ಪರ್ಧಿಯ ಪಯಣ’ ಚಿತ್ರೀಕರಿಸಲು ತಮ್ಮದೇ ತಂಡದ ಮೂವರು ಹೊಸಪೇಟೆಗೆ ಬಂದರು. ಟಿ.ಬಿ. ಡ್ಯಾಂ ಹತ್ತಿರ ನಿಲ್ಲಿಸಿ, ನೀರು ನೋಡುತ್ತಾ ಕನಸು ಕಾಣಿ ಎಂದರು. ಬಿಸಿಲು ಎಷ್ಟಿತ್ತೆಂದರೆ ನಾನು ಕಂಡದ್ದು ಒಂದೇ ಕನಸು, ಕೊಡೆಯದು. ಹಂಪಿಯ ಕಂಬಗಳ ನಡುವೆ ಐದು ಸಲ ನಡೆಸಿದರು. ಆಮೇಲೆ ಅಂಗಡಿಗೆ ಬಂದು ಮಂಡಕ್ಕಿ ನೀರಿಗೆ ಹಾಕುವುದು, ಹಿಂಡುವುದು, ಈರುಳ್ಳಿ ಮೆಣಸಿನಕಾಯಿ ಬಾಡಿಸಿ ಕಲಸುವುದು, ಮೇಲೆ ಪುಟಾಣಿ, ಅಂದರೆ ಹುರಿಗಡಲೆಯ ಪುಡಿ ಉದುರಿಸುವುದು ಎಲ್ಲವನ್ನೂ ಹತ್ತಿರದಿಂದ ತೆಗೆದುಕೊಂಡು, ಕೊನೆಗೆ ಕುಳಿತು ತಿಂದರು. ತಮ್ಮ ಕ್ಯಾಮೆರಾಮನ್ “ಒಗ್ಗರಣೆ ಸೂಪರ್, ಇನ್ನೊಂದು ಪ್ಲೇಟ್ ಕೊಡಿ” ಎಂದರು. ಈ ಮಾತನ್ನು ದಯವಿಟ್ಟು ಗಮನದಲ್ಲಿಡಿ.

ಬೆಂಗಳೂರಿನ ಸ್ಟುಡಿಯೋದಲ್ಲಿ ಅವ್ವ ಮುಂದಿನ ಸಾಲಿನಲ್ಲಿ ಇಳಕಲ್ ಸೀರೆ ಉಟ್ಟು ಕುಳಿತಿದ್ದಳು. ಎಂಟು ಪ್ರಶ್ನೆ ಸರಾಗವಾಗಿ ದಾಟಿದೆ. ನಮ್ಮ ಡ್ಯಾಮಿನ ಗೇಟುಗಳೆಷ್ಟು ಎಂದದ್ದಕ್ಕೆ ಆಯ್ಕೆಗಳು ಬರುವ ಮೊದಲೇ ಮೂವತ್ತಮೂರು ಎಂದೆ. ಒಂಬತ್ತನೆಯದು: ‘ಒಗ್ಗರಣೆಗೆ ಬೇಕೇ ಬೇಕಾದದ್ದು ಯಾವುದು? ಸಾಸಿವೆ, ಮಂಡಕ್ಕಿ, ಶಾವಿಗೆ, ಬೆಲ್ಲ.’ ನನಗೆ ನಗು ಬಂತು. ಇಷ್ಟು ಸುಲಭದ ಪ್ರಶ್ನೆ ಕೇಳಿ ಸೆಮಿಫೈನಲಿಗೆ ಕಳಿಸುತ್ತಾರಲ್ಲ, ಪುಣ್ಯಾತ್ಮರು ಎಂದುಕೊಂಡು ಮಂಡಕ್ಕಿ ಎಂದೆ. ಕೆಂಪು ದೀಪ ಹೊತ್ತಿತು. ಮಾತಿಗೆ ಒಗ್ಗರಣೆ ಹಾಕುವುದರಲ್ಲಿ ತಮ್ಮ ನಿರೂಪಕರು ನಿಸ್ಸೀಮರು, “ಹೊಸಪೇಟೆ ಕಡೆ ಸಾರಿಗೆ ಮಂಡಕ್ಕಿ ಹಾಕ್ತಾರಾ ಮೇಡಂ? ಅಡುಗೆ ಯಾರು ಕಲಿಸಿದ್ದು?” ಎಂದರು. ಸಭೆಯೆಲ್ಲ ನಕ್ಕಿತು. ಸೋತ ಗಾಬರಿಯಲ್ಲಿ ನಾನೂ ನಕ್ಕೆ. ಅವ್ವ ನಗಲಿಲ್ಲ.

ಸ್ವಾಮಿ, ಸಾರಿಗೆ ಸಾಸಿವೆ ಸಿಡಿಸುವುದು ನಮಗೂ ಗೊತ್ತು. ಆ ಒಗ್ಗರಣೆಯನ್ನು ನಾವೂ ಹಾಕುತ್ತೇವೆ. ಆದರೆ ಇನ್ನೊಂದು ಒಗ್ಗರಣೆಯನ್ನು ನಾವು ತಿನ್ನುತ್ತೇವೆ. ಹೊಸಪೇಟೆ, ಸಂಡೂರು, ಕಂಪ್ಲಿಯ ಯಾವ ಹೋಟೆಲಿಗಾದರೂ ಹೋಗಿ, ಬೆಂಚಿನ ಮೇಲೆ ಕುಳಿತು, ಒಂದು ಒಗ್ಗರಣೆ ಕೊಡಿ ಎನ್ನಿ. ಯಾರಾದರೂ ತಟ್ಟೆಯಲ್ಲಿ ಎರಡು ಚಮಚ ಬಿಸಿ ಎಣ್ಣೆ, ಮೇಲೆ ನಾಲ್ಕು ಸಾಸಿವೆ ತಂದಿಟ್ಟರೆ ನಾನು ಈ ಪತ್ರವನ್ನು ಹಿಂತೆಗೆದುಕೊಳ್ಳುತ್ತೇನೆ. ತಮ್ಮ ಪ್ರಶ್ನೆಯಲ್ಲಿ ‘ಬೇಕೇ ಬೇಕಾದದ್ದು’ ಎಂದಿತ್ತು. ಸಾಸಿವೆ ತೀರಿದ ದಿನ ಬರೀ ಜೀರಿಗೆ ಹಾಕಿ ಒಗ್ಗರಣೆ ಮಾರಿದ್ದೇನೆ, ಸಾಸಿವೆ ಎಲ್ಲಿ ಎಂದು ಒಬ್ಬ ಗಿರಾಕಿಯೂ ಕೇಳಿಲ್ಲ. ಮಂಡಕ್ಕಿ ಬಾರದ ದಿನ ಅಂಗಡಿಯ ಬಾಗಿಲನ್ನೇ ತೆರೆದಿಲ್ಲ. ಇನ್ನು ಸಾಕ್ಷಿ ಬೇಕೆಂದರೆ ತಮ್ಮದೇ ಕಾರ್ಯಕ್ರಮ ನೋಡಿ. ಪ್ರಸಾರವಾದ ಕಂತಿನಲ್ಲಿ ಮೊದಲು ಎರಡು ಚೀಲ ಮಂಡಕ್ಕಿಯ ಪಕ್ಕ ನಾನು ನಿಂತಿದ್ದೇನೆ, ಕೆಳಗೆ ‘ಒಗ್ಗರಣೆ ಅನುಸೂಯಾ’ ಎಂದು ತಾವೇ ದಪ್ಪಕ್ಷರದಲ್ಲಿ ಹಾಕಿದ್ದೀರಿ, ಹಿಂದಿನಿಂದ ಕ್ಯಾಮೆರಾಮನ್ನರ ಆ ಮಾತೂ ಕೇಳಿಸುತ್ತದೆ. ಇಪ್ಪತ್ತು ನಿಮಿಷದ ನಂತರ ಅದೇ ಮಂಡಕ್ಕಿಗೂ ಒಗ್ಗರಣೆಗೂ ಸಂಬಂಧವಿಲ್ಲವೆಂದು ತೀರ್ಪು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ತಮ್ಮ ತಜ್ಞರ ಸಮಿತಿಯಲ್ಲಿ ತುಂಗಭದ್ರೆಯ ನೀರು ಕುಡಿದವರು ಒಬ್ಬರಾದರೂ ಇದ್ದಾರೆಯೇ?

ಇಷ್ಟೇ ಆಗಿದ್ದರೆ ನಾನು ನಕ್ಕು ಮರೆತುಬಿಡುತ್ತಿದ್ದೆ. ಸೆಮಿಫೈನಲಿನ ಆಸೆಯೂ ನನಗೀಗ ಇಲ್ಲ. ನನ್ನ ಜಾಗಕ್ಕೆ ಹೋದ ಹುಡುಗಿ ಜಾಣೆ, ಗೆಲ್ಲಲಿ. ಆದರೆ ವಾಪಸು ಬರುವಾಗ ಬೆಳಿಗ್ಗೆ ರೈಲು ತೋರಣಗಲ್ಲು ದಾಟುತ್ತಿದ್ದಂತೆ, ಅಲ್ಲಿಯವರೆಗೆ ಕಿಟಕಿ ನೋಡುತ್ತಿದ್ದ ಅವ್ವ ನನ್ನ ಕಡೆ ತಿರುಗಿ ಕೇಳಿದಳು: “ಅನ್ಸೂ, ನಾ ನಿನಗ ತಪ್ಪು ಕಲಿಸಿಬಿಟ್ಟೆ ಏನು?”

ಇಲ್ಲವ್ವ, ತಪ್ಪು ಅವರದು ಎಂದೆ. ಅವಳು ನಂಬಲಿಲ್ಲ. ಅಷ್ಟು ದೊಡ್ಡ ಲೈಟು ಹಾಕಿಕೊಂಡು ಕುಂತವರು ಸುಳ್ಳು ಹೇಳುತ್ತಾರೆಯೇ ಎಂಬುದು ಅವಳ ವಾದ. ಅಕ್ಷರ ಬಾರದ ನನ್ನ ಅವ್ವನಿಗೆ ಓದಿದವರ ಮೇಲೆ ತಾವು ಊಹಿಸಲಾಗದಷ್ಟು ಗೌರವವಿದೆ. ಈಗ ಗಿರಾಕಿ ಒಗ್ಗರಣೆ ಕೇಳಿದರೆ, “ಇದಕ್ಕ ಒಗ್ಗರಣಿ ಅನ್ನಂಗಿಲ್ಲಂತ್ರಿ, ಮಂಡಕ್ಕಿದು ಕೊಡ್ಲೇನು?” ಎನ್ನುತ್ತಾಳೆ. ಮೂವತ್ತೆಂಟು ವರ್ಷ ಗದರಿಸಿಯೇ ಬಡಿಸಿದ ಹೆಂಗಸು ಈಗ ಅಪ್ಪಣೆ ಕೇಳುತ್ತಿದ್ದಾಳೆ. ಹೊನ್ನೂರಸ್ವಾಮಿಯವರಂತೂ ಎರಡು ಪ್ಲೇಟ್ ತಿಂದು ಸಮಾಧಾನ ಹೇಳಿದರು, ಪ್ರಯೋಜನವಾಗಲಿಲ್ಲ. ಅಂಗಡಿಯ ಮೇಲಿನ ‘ತಿಪ್ಪಕ್ಕನ ಒಗ್ಗರಣೆ’ ಎಂಬ ಬೋರ್ಡು ಅಳಿಸಲು ಪೇಂಟರ್ ಪಂಪೇಶನಿಗೂ ಹೇಳಿಬಿಟ್ಟಿದ್ದಾಳೆ. ಅವನಿಗೆ ನಾನು ದಿನಾ ಮಿರ್ಚಿ ತಿನ್ನಿಸಿ, ಬಣ್ಣ ಸಿಕ್ಕಿಲ್ಲ ಎಂದು ಹೇಳಿಸುತ್ತಿದ್ದೇನೆ. ಬರುವ ಸೋಮವಾರದವರೆಗೆ ಮಾತ್ರ ತಡೆಯಬಲ್ಲೆ ಎಂದಿದ್ದಾನೆ. ಅವನ ಹೊಟ್ಟೆಗೂ ಒಂದು ಮಿತಿಯಿದೆ.

ಆದ್ದರಿಂದ ನನ್ನ ಬೇಡಿಕೆ ಒಂದೇ. ಬರುವ ಭಾನುವಾರ, ಅದೇ ವೇದಿಕೆಯಿಂದ, ಅದೇ ನಿರೂಪಕರು ಒಂದು ಮಾತು ಹೇಳಬೇಕು. ನನ್ನ ಹೆಸರು ಬೇಡ. ಕ್ಷಮಾಪಣೆಯ ಇಮೇಲೂ ಬೇಡ, ಅದನ್ನು ಅವ್ವ ಓದಲಾರಳು, ನಾನು ಓದಿ ಹೇಳಿದರೆ ಮಗಳು ಕಟ್ಟಿದ ಕಥೆ ಎನ್ನುತ್ತಾಳೆ. ಟೀವಿಯವರು ತಪ್ಪೆಂದದ್ದನ್ನು ಟೀವಿಯವರೇ ಸರಿ ಎನ್ನಬೇಕು. ಅಡುಗೆ ಯಾರು ಕಲಿಸಿದ್ದು ಎಂದು ಅವರು ಕೇಳಿದ್ದರಲ್ಲ, ಕಲಿಸಿದವಳು ಭಾನುವಾರ ಏಳು ಗಂಟೆಗೆ ಟೀವಿಯ ಮುಂದೆ ಇರುತ್ತಾಳೆ, ನಾನು ಕೂರಿಸುತ್ತೇನೆ. ಅವರು ಕ್ಯಾಮೆರಾ ನೋಡಿಕೊಂಡು ಇಷ್ಟು ಹೇಳಲಿ: “ತಿಪ್ಪಕ್ಕ, ನೀವು ಕಲಿಸಿದ್ದು ಸರಿ.”

ಇಂತಿ,
ಮಂಡಕ್ಕಿಯಿಂದ ಸೋತು, ಮಂಡಕ್ಕಿಯಿಂದಲೇ ಬದುಕಿರುವ
ಅನುಸೂಯಾ
ತಿಪ್ಪಕ್ಕನ ಮಗಳು, ಚಿತ್ತವಾಡ್ಗಿ, ಹೊಸಪೇಟೆ