ರಿಮೋಟಿನ ಎರಡು ಖಾಲಿ ಗುಂಡಿಗಳು

ಲಾಂಡ್ರಿಯ ಮೇಲಿನ ಮನೆಯಿಂದ,
ಮಾರ್ಚ್ ಹದಿನೇಳು, ಮಧ್ಯಾಹ್ನ ಎರಡು ಗಂಟೆ

ಪ್ರೀತಿಯ ಗುಬ್ಬಿಗೆ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತಾ? ದಿನಕ್ಕೆ ನಾಲ್ಕು ಸಲ ಕ್ರೇನಿನ ಏಣಿ ಹತ್ತಿ ಇಳಿಯುವವನಿಗೆ ಮೊಣಕಾಲೇ ಬಂಡವಾಳ. ಮುಲಾಮು ಹಚ್ಚಿಕೋ, ನೋವಾದ ದಿನ ನಾಚಿಕೆಪಡದೆ ರಜ ಹಾಕು. ಬಂದರಿನವರು ನಿನಗೆ ಬೇರೆ ಕಾಲು ತಂದುಕೊಡುವುದಿಲ್ಲ. ಇಲ್ಲಿ ನಾನೂ ನಿನ್ನ ಭಾವನೂ ಗಟ್ಟಿಮುಟ್ಟಾಗಿದ್ದೇವೆ. ಭಾವನ ಹೊಟ್ಟೆ ಇನ್ನೊಂದು ಬೆರಳು ಮುಂದೆ ಬಂದಿದೆ, ಬುದ್ಧಿ ಇದ್ದಲ್ಲೇ ಇದೆ. ಫೋನ್ ಮಾಡುವುದು ಬಿಟ್ಟು ಪತ್ರ ಯಾಕೆ ಅಂತ ಕೇಳಬೇಡ. ಫೋನಿನಲ್ಲಿ ನೀನು ಏನಾದರೊಂದು ಅನ್ನುತ್ತೀಯ, ಅಂದದ್ದು ಈ ಮನೆಯಲ್ಲಿ ಉಳಿದುಬಿಡುತ್ತದೆ. ಹೇಗೆ ಅಂತ ಮುಂದೆ ಓದು. ಬರೆಯುವ ಪ್ರತಿ ಮಾತನ್ನೂ ಬಾಯಲ್ಲಿ ಹೇಳಿಕೊಂಡೇ ಬರೆಯುವವಳು ನಾನು, ಅಪ್ಪನೇ ಕಲಿಸಿದ ಅಭ್ಯಾಸ. ಈಗಲೂ ಅವರ ಗಾಲಿಕುರ್ಚಿಯ ಪಕ್ಕದಲ್ಲೇ ಕೂತು ಗಟ್ಟಿಯಾಗಿ ಹೇಳುತ್ತಾ ಬರೆಯುತ್ತಿದ್ದೇನೆ.

ಮೊದಲು ಖರ್ಚಿನ ಬಾಬ್ತು. ಟಿವಿಗೆ ಜೋಡಿಸುವ ಅಂಗೈಯಗಲದ ಕಪ್ಪು ಡಬ್ಬಿ, ಅದರ ರಿಮೋಟ್, ಎರಡೂ ಸೇರಿ ನೂರಾ ಹತ್ತು ಬೆಡ್‌ಶೀಟ್ ಒಗೆದು ಮಡಿಸಿದಷ್ಟು. ಒಂದು ಬಕೆಟ್‌ನಿಂದ ಶುರುಮಾಡಿ ಆರು ಮೆಷಿನ್‌ಗೆ ತಂದವಳು ನಾನು, ನನ್ನ ಲೆಕ್ಕ ಬೆಡ್‌ಶೀಟಿನಲ್ಲೇ ನಡೆಯುವುದು. ಅದನ್ನು ಕೂರಿಸಿಕೊಟ್ಟ ಟಿವಿ ಮೆಕ್ಯಾನಿಕ್‌ಗೆ ಹನ್ನೆರಡು ಬೆಡ್‌ಶೀಟ್. ಬ್ಯಾಟರಿ ಒಂದು ಜೊತೆಗೆ ಎರಡು ದಿಂಬಿನ ಕವರ್. ಆರು ತಿಂಗಳು ಬಾಳುತ್ತದೆ ಅಂದಿದ್ದ ಆ ಬ್ಯಾಟರಿ ಮೂರೇ ವಾರಕ್ಕೆ ಸತ್ತಿತು. ನಾವು ಇಬ್ಬರೂ ಹಗಲೆಲ್ಲ ಕೆಳಗೆ ಅಂಗಡಿಯಲ್ಲಿರುವವರು, ರಾತ್ರಿ ಅರ್ಧ ಗಂಟೆ ಟಿವಿ ನೋಡಿದರೆ ಹೆಚ್ಚು. ಹಾಗಾದರೆ ಬ್ಯಾಟರಿ ತಿಂದದ್ದು ಯಾರು ಅಂತ ನಾನು ಅವತ್ತೇ ಕೇಳಿಕೊಳ್ಳಬೇಕಿತ್ತು. ಒಂದು ಗುಂಡಿ ಕಡಿಮೆಯಾದ ಶರ್ಟಿಗೆ ಮೂರು ದಿನ ತಲೆ ಕೆಡಿಸಿಕೊಳ್ಳುವವಳು ಅದನ್ನು ಕೇಳಲಿಲ್ಲ ನೋಡು.

ಅಪ್ಪನಿಗೆ ಪಾರ್ಶ್ವವಾಯು ಬಡಿದು ಒಂದೂವರೆ ವರ್ಷವಾಯಿತು. ಬಲಗೈ ಹೋಯಿತು, ಮಾತು ಹೋಯಿತು, ನೋಟ ಗೋಡೆಗೆ ನೆಟ್ಟಿತು. ಡಾಕ್ಟರ್ ಕಾಗದದ ಮೇಲೆ ಏನೇನೋ ಬರೆದು, ಬಾಯಲ್ಲಿ, "ಇನ್ನು ನಿರೀಕ್ಷೆ ಇಟ್ಕೋಬೇಡಿಮ್ಮ" ಅಂದರು. ನಾನು ಅದನ್ನು ನನ್ನ ಭಾಷೆಗೆ ಇಳಿಸಿ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದೆ. ಅಪ್ಪನ ಎದುರಿಗೇ ನಿಂತು, ಅವರ ತಲೆಯ ಮೇಲಿನಿಂದ, ಯಾರೂ ಇಲ್ಲದ ಕೋಣೆಯಲ್ಲಿ ಮಾತಾಡುವ ಹಾಗೆ. ಆರೈಕೆ ಕೇಂದ್ರಕ್ಕೆ ಸೇರಿಸುವ ವಿಚಾರವನ್ನು ನಾವು ಮೂವರೂ ಮಾತಾಡಿದ್ದು ಅದೇ ಕೋಣೆಯಲ್ಲಿ, ಫೋನನ್ನು ಸ್ಪೀಕರಿಗೆ ಹಾಕಿ ಅವರ ಕುರ್ಚಿಯ ಕೈಯ ಮೇಲಿಟ್ಟು. ಒಂದನೇ ತಾರೀಖು ವ್ಯಾನ್ ಬರುತ್ತದೆ, ಅದಕ್ಕೆ ಮುಂಚೆ ಒಪ್ಪಿಗೆ ಪತ್ರಕ್ಕೆ ಮಕ್ಕಳಿಬ್ಬರ ಸಹಿ ಬೇಕು. ನಿನ್ನ ಸಹಿ ಬಂದಿದೆ. ನನ್ನ ಜಾಗ ಇನ್ನೂ ಖಾಲಿ.

ಅಲ್ಲಿಯವರೆಗಾದರೂ ಹಾಡು ಕೇಳಿಕೊಂಡಿರಲಿ ಅಂತಲೇ ಈ ಡಬ್ಬಿ ತಂದದ್ದು. ರಿಮೋಟ್ ಕಲಿಯಲು ನನಗೆ ಎರಡು ವಾರ ಹಿಡಿಯಿತು. ಮನೆ ಚಿತ್ರದ ಗುಂಡಿ ಒಮ್ಮೆ ಒತ್ತಿದರೆ ಒಂದು ಕಡೆ ಹೋಗುತ್ತದೆ, ಎರಡು ಸಲ ಒತ್ತಿದರೆ ಇನ್ನೊಂದು ಕಡೆ, ಒತ್ತಿ ಹಿಡಿದರೆ ಟಿವಿ ಮಲಗುವುದಾ ಅಂತ ನಮ್ಮನ್ನೇ ಕೇಳುತ್ತದೆ. ರಿಮೋಟ್ ಕಳೆದುಹೋದರೆ ಡಬ್ಬಿಯ ಬೆನ್ನಿನಲ್ಲಿರುವ ಗುಂಡಿ ಒತ್ತಬೇಕಂತೆ, ಎಲ್ಲಿದ್ದರೂ ಕೀಚ್ ಕೀಚ್ ಅಂತ ಕೂಗಿಕೊಳ್ಳುತ್ತದೆ. ನಿನ್ನ ಭಾವ ಕಳೆದುಹೋದಾಗಲೂ ಇಂಥದ್ದೊಂದು ಇದ್ದಿದ್ದರೆ ಅಂದುಕೊಂಡೆ. ಕೆಳಗಡೆ ಎರಡು ಗುಂಡಿಗಳಿದ್ದವು, ಒಂದು, ಎರಡು ಅಂತ ಬರೀ ಅಂಕಿ. ಮೆಕ್ಯಾನಿಕ್ ಹೇಳಿದ: "ಇವು ಖಾಲಿ ಅಕ್ಕಾ, ನಿಮಗೆ ಬೇಕಾದ್ದು ತುಂಬ್ಕೋಬಹುದು. ಮೈಕ್ ಗುಂಡಿ ಹಿಡ್ಕೊಂಡು ಏನು ಬೇಕೋ ಹೇಳಿ. ಆಮೇಲೆ ಒಂದನ್ನ ಒತ್ತಿ ಹಿಡ್ಕೊಳ್ಳಿ, ಟಿಣ್ ಅನ್ನೋವರೆಗೂ. ಮುಂದೆ ಸುಮ್ನೆ ಒಂದು ಒತ್ತಿದ್ರೆ ಸಾಕು, ನೀವು ಹೇಳಿದ್ದೇ ಬರತ್ತೆ. ಹೊಸದು ತುಂಬಿದ್ರೆ ಹಳೇದು ಅಳಿಸಿಹೋಗತ್ತೆ." ನಾನು "ಹಳೆಯ ಹಾಡುಗಳು" ಅಂತ ಒಂದಕ್ಕೆ ತುಂಬಿದೆ. ಭಾವ ಎರಡಕ್ಕೆ "ಕುಸ್ತಿ" ತುಂಬಿದರು. ಅಪ್ಪ ಗೋಡೆ ನೋಡುತ್ತಿದ್ದರು. ಹಾಗೆಂದು ನಾವು ಅಂದುಕೊಂಡಿದ್ದೆವು.

ಹೋದ ತಿಂಗಳು ಒಂದು ಮಧ್ಯಾಹ್ನ ಊಟಕ್ಕೆ ಮೇಲೆ ಬಂದು, ಹಾಡು ಹಾಕೋಣ ಅಂತ ಒಂದು ಒತ್ತಿದೆ. ಹಾಡು ಬರಲಿಲ್ಲ. ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಮೂಡಿದವು: ಗಿಡಕ್ಕೆ ನೀರು ಹಾಕಿದ ಹಾಗೆ ಹೊತ್ತು ಹೊತ್ತಿಗೆ ಹಾಕೋದು ಅಷ್ಟೇ. ಅದರ ಕೆಳಗೆ, ಇಷ್ಟನ್ನೇ ಕಾಯುತ್ತಿದ್ದ ಹಾಗೆ, ಟೆರೇಸಿನ ಮೇಲೆ ಟೊಮೇಟೊ ಬೆಳೆಯುವ ಕಾರ್ಯಕ್ರಮಗಳು ಸಾಲಾಗಿ ನಿಂತವು. ನನಗೆ ನಗು ಬಂತು, ಅರ್ಧಕ್ಕೇ ನಿಂತಿತು. ಆ ಮಾತು ನನ್ನದು. ಅಪ್ಪ ಊಟ ಮಾಡ್ತಾರಾ ಅಂತ ಒಬ್ಬ ಗಿರಾಕಿ ಕೇಳಿದ್ದಕ್ಕೆ, ಇದೇ ಕೋಣೆಯ ಬಾಗಿಲಲ್ಲಿ ನಿಂತು ನಾನು ಕೊಟ್ಟ ಉತ್ತರ. ಭಾವನ ಮೇಲೆ ಹಾರಾಡಿದೆ. "ನನಗೆ ಆ ರಿಮೋಟಿನಲ್ಲಿ ಸೌಂಡ್ ಹೆಚ್ಚು ಮಾಡೋಕೇ ಬರಲ್ಲ ಮಾರಾಯ್ತಿ" ಅಂದರು. ಅದು ನಿಜ. ಡಬ್ಬಿ ತಾನೇ ಕದ್ದು ಕೇಳಿಸಿಕೊಂಡಿರಬೇಕು, ಈಗಿನ ಸಾಮಾನುಗಳೆಲ್ಲ ಹಾಗೇ ಅಂತ ಸಮಾಧಾನ ಮಾಡಿಕೊಂಡೆವು. ನಾನು ಮತ್ತೆ "ಹಳೆಯ ಹಾಡುಗಳು" ತುಂಬಿದೆ.

ನಾಲ್ಕು ದಿನ ಬಿಟ್ಟು ಒತ್ತಿದರೆ: ಕಿಟಕಿ ಪಕ್ಕದ ಮಂಚ ಕೇಳಬೇಡ ಅದಕ್ಕೆ ಬೇರೆ ರೇಟು. ಇದು ಭಾವನ ಮಾತು, ಆರೈಕೆ ಕೇಂದ್ರದ ಬಗ್ಗೆ ಹೇಳಿದ್ದು. ಅದನ್ನು ಓದಿ ಭಾವನ ತುತ್ತು ಕೈಯಲ್ಲೇ ಉಳಿಯಿತು. ಪರದೆಯ ಕೆಳಗಡೆ ಬಣ್ಣಬಣ್ಣದ ಕಿಟಕಿ ಪರದೆ ಹೊಲಿಯುವ ಹೆಂಗಸರು ನಗುತ್ತಿದ್ದರು. ನಾನು ರಿಮೋಟ್ ತೆಗೆದುಕೊಂಡು ಹೋಗಿ ಬೀರುವಿನ ಮೇಲಿನ ಅರೆಯಲ್ಲಿ, ಮಡಿಸಿಟ್ಟ ಕಂಬಳಿಗಳ ನಡುವೆ ಹುದುಗಿಸಿ ಬೀಗ ಹಾಕಿದೆ. ಮಾರನೆಯ ದಿನ ಬೆಳಗ್ಗೆ ಹತ್ತಕ್ಕೆ, ಒಳ್ಳೇ ಬಿಸಿಲು, ಪಕ್ಕದ ಕೋಣೆಯಲ್ಲಿ ಹೋಟೆಲಿನ ಬೆಡ್‌ಶೀಟ್ ಎಣಿಸುತ್ತಿದ್ದೆ. ನಲವತ್ತೊಂದು ಅನ್ನುವಷ್ಟರಲ್ಲಿ ಬೀರುವಿನೊಳಗಿಂದ ಕೀಚ್ ಕೀಚ್ ಅಂತ ಶುರುವಾಯಿತು. ಅದು ತಾನಾಗಿ ಕೂಗುವುದಲ್ಲ ಗುಬ್ಬಿ, ಡಬ್ಬಿಯ ಬೆನ್ನಿನ ಗುಂಡಿ ಒತ್ತಿದರೆ ಮಾತ್ರ ಕೂಗುವುದು. ಓಡಿಹೋಗಿ ನೋಡಿದರೆ ಅಪ್ಪ ಕುರ್ಚಿಯಲ್ಲಿ, ನೋಟ ಗೋಡೆಯ ಮೇಲೆ. ಆದರೆ ಕುರ್ಚಿ ಮೊದಲಿದ್ದ ಜಾಗದಲ್ಲಿರಲಿಲ್ಲ. ನೆಲದ ಜಮಖಾನದ ಮೇಲೆ ಚಕ್ರದ ಗೀರು ಟಿವಿ ತನಕ ಹೋಗಿತ್ತು, ಅರ್ಧ ವಾಪಸ್ ಬಂದಿತ್ತು. ಎಡಗಾಲಿನ ಚಪ್ಪಲಿ ಕಳಚಿ ಬಿದ್ದಿತ್ತು. ನಾನು ಬೀರು ತೆಗೆದು ರಿಮೋಟ್ ತಂದು ಅವರ ತೊಡೆಯ ಮೇಲಿಟ್ಟೆ.

ಆಮೇಲಿನ ಭಾನುವಾರ ಎರಡನೇ ಗುಂಡಿ ಒತ್ತಿದೆ. ಕುಸ್ತಿ ಬರಲಿಲ್ಲ, ಪರದೆಯ ಮೇಲೆ ಬಂದದ್ದು: ಅಪ್ಪನಿಗೆ ಎಲ್ಲಿದ್ರೇನು ಅಕ್ಕಾ ನೋಡೋಕೆ ಒಂದು ಗೋಡೆ ಇದ್ರೆ ಸಾಕು. ಕೆಳಗೆ ಮನೆಗೆ ಸುಣ್ಣ ಬಣ್ಣ ಹೊಡೆಯುವ ಕಾರ್ಯಕ್ರಮಗಳು. ಯಾರ ಮಾತು ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ನೀನು ತಮಾಷೆಗೆ ಅಂದದ್ದು, ನಾನೂ ನಕ್ಕಿದ್ದೆ, ನಕ್ಕಿದ್ದನ್ನು ಪರದೆ ಬರೆದಿರಲಿಲ್ಲ ಅಷ್ಟೇ.

ಆಗ ನನಗೆ ಅಪ್ಪನ ಕೆಂಪು ಬೈಂಡಿನ ಪುಸ್ತಕ ನೆನಪಾಯಿತು. ಮೂವತ್ತನಾಲ್ಕು ವರ್ಷ ಕೋರ್ಟಿನಲ್ಲಿ ಶೀಘ್ರಲಿಪಿಯಲ್ಲಿ ಕಂಡವರ ಮಾತನ್ನೆಲ್ಲ ಬರೆದುಕೊಂಡವರು ಮನೆಯಲ್ಲೂ ಬಿಡುತ್ತಿರಲಿಲ್ಲವಲ್ಲ. ನಾವಿಬ್ಬರು ಊಟದ ಹೊತ್ತಿಗೆ ಕಿತ್ತಾಡಿದರೆ ಗದರಿಸುತ್ತಿರಲಿಲ್ಲ. ಸುಮ್ಮನೆ ಬರೆದುಕೊಳ್ಳುತ್ತಿದ್ದರು. ಬೆಳಗ್ಗೆ ಹಲ್ಲುಜ್ಜುವ ಹೊತ್ತಿಗೆ ಓದುತ್ತಿದ್ದರು: "ನಿನ್ನೆ ಎಂಟೂಕಾಲಕ್ಕೆ ಅಕ್ಕ ಹೇಳಿದ್ದು, ನೀನು ಸತ್ತರೆ ನನಗೆ ಇಡೀ ಹಾಸಿಗೆ ಸಿಗತ್ತೆ. ಎಂಟು ಹದಿನಾರಕ್ಕೆ ತಮ್ಮ ಹೇಳಿದ್ದು, ನಿನ್ನ ಜಡೆ ಕತ್ತರಿಸಿ ನಾಯಿಗೆ ಹಾಕ್ತೀನಿ." ನಾವು ನೆಲ ನೋಡುತ್ತಾ ನಿಂತರೆ ಪುಸ್ತಕ ಮುಚ್ಚಿ, "ಒಂದು ಪದ ಸೇರಿಸಿಲ್ಲ, ಒಂದು ಪದ ಬಿಟ್ಟಿಲ್ಲ" ಅನ್ನುತ್ತಿದ್ದರು. ಅದೇ ಬೈಗುಳ, ಅದೇ ಶಿಕ್ಷೆ.

ನಾನು ಅವರ ಎದುರು ಮಂಡಿಯೂರಿ ಕೂತು ಕೇಳಿದೆ, "ಅಪ್ಪಾ, ನೀವೇನಾ?" ಕಣ್ಣು ಅಲ್ಲಾಡಲಿಲ್ಲ. ತುಟಿ ಅಲ್ಲಾಡಲಿಲ್ಲ. ಎದ್ದು, ಟೆರೇಸಿನಿಂದ ಬಟ್ಟೆ ತರುವವಳ ಹಾಗೆ ಬುಟ್ಟಿ ಎತ್ತಿಕೊಂಡು ಹೊರಗೆ ಬಂದು, ಮೆಟ್ಟಿಲ ಮೇಲೆ ಉಸಿರು ಹಿಡಿದು ನಿಂತೆ. ಮೊದಲು ಕೆಳಗಿನ ಮೆಷಿನ್‌ಗಳ ಸದ್ದೊಂದೇ. ಆಮೇಲೆ ಒಳಗಿಂದ ಕೇಳಿಸಿತು: "ಅಪ್ಪಾ, ನೀವೇನಾ?" ಗಂಟಲು ಮುದುಕನದು, ಒಣಗಿದ್ದು, ಪಿಸುಮಾತು. ರಾಗ ಮಾತ್ರ ನನ್ನದು. ಕೊನೆಯ ಅಕ್ಷರವನ್ನು ನಾನು ಮೇಲಕ್ಕೆ ಎಳೆಯುತ್ತೇನಲ್ಲ, ಹಾಗೇ ಎಳೆದಿತ್ತು. ಮಾತಿಗೆ ಮುಂಚೆ ನಾನು ಕೆಮ್ಮಿದ್ದೆ, ಅದೂ ಇತ್ತು. ನನ್ನನ್ನೇ ಒಳಗೆ ಬಿಟ್ಟು ಹೊರಗೆ ಬಂದೆನೋ ಅನ್ನುವ ಹಾಗಾಯಿತು. ಆಮೇಲೆ, ಟಿಣ್.

ಡಾಕ್ಟರಿಗೆ ಫೋನ್ ಮಾಡಿದೆ. ಸ್ವಂತ ಮಾತು ಹುಟ್ಟಿಸಲಾಗದವರು ಕೆಲವರು ಕೇಳಿದ ಮಾತನ್ನು ಹಾಗೇ ಒಪ್ಪಿಸಬಲ್ಲರಂತೆ, ಕರೆದುಕೊಂಡು ಬನ್ನಿ ನೋಡೋಣ ಅಂದರು. ಹಾಗಾದರೆ ಒಳಗೆ ಎಷ್ಟು ಅರ್ಥವಾಗತ್ತೆ ಸಾರ್ ಅಂದೆ. "ಅದನ್ನ ಅಳೆಯೋದು ಕಷ್ಟಮ್ಮ" ಅಂದರು. ನನಗೆ ಅಳತೆ ಬೇಕಾಗಿಲ್ಲ. ನನ್ನನ್ನು ಕಾಡುವುದು ಬೇರೆ. ಗುಂಡಿ ಇರುವುದು ಎರಡೇ, ಹೊಸದು ತುಂಬಿದರೆ ಹಳೆಯದು ಹೋಗುತ್ತದೆ. ಮೂರು ವಾರಕ್ಕೆ ಬ್ಯಾಟರಿ ಮುಗಿಯಬೇಕಾದರೆ ನಾವು ನೋಡದ ಎಷ್ಟು ಮಾತು ಆ ಪರದೆಯ ಮೇಲೆ ಬಂದು ಅಳಿಸಿಹೋದವು? ಈಗ ನಾನೂ ಭಾವನೂ ಮನೆಯಲ್ಲಿ ಉಪ್ಪು, ನೀರು ಅಂತ ಮಾತ್ರ ಮಾತಾಡುತ್ತೇವೆ. ಮಿಕ್ಕದ್ದಕ್ಕೆ ಕೆಳಗಿಳಿದು ಮೆಷಿನ್‌ಗಳ ಗದ್ದಲದಲ್ಲಿ ಕಿವಿಗೆ ಬಾಯಿಟ್ಟು ಹೇಳಿಕೊಳ್ಳುತ್ತೇವೆ, ಕಳ್ಳರ ಹಾಗೆ.

ಹಾಗಾಗಿಯೇ ಇವತ್ತು ಹೀಗೆ ಕೂತೆ. ಅವರಿಗೆ ಕೇಳಿಸಲಿ ಅಂತಲೇ ನಮ್ಮ ಮೂವರ ಮಾತನ್ನೂ ಒಂದು ಪದ ಸೇರಿಸದೆ, ಒಂದು ಪದ ಬಿಡದೆ ಬರೆದಿದ್ದೇನೆ. ಈ ಸಲ ಪುಸ್ತಕ ಓದಿದ್ದು ನಾನು. ಸಹಿ ಹಾಕಬೇಕೋ ಬೇಡವೋ ಅನ್ನುವುದು ಇನ್ನೂ ಗೊತ್ತಾಗಿಲ್ಲ. ನನ್ನ ಬೆನ್ನು ನೋವು ಸುಳ್ಳಲ್ಲ, ಅವರನ್ನು ಎತ್ತಿ ಕೂರಿಸುವ ಕೆಲಸ ಸುಲಭವೂ ಅಲ್ಲ. ವ್ಯಾನ್ ಬರಲು ಇನ್ನು ಹದಿನೈದು ದಿನ.

ಏಣಿ ಹತ್ತುವಾಗ ಎರಡು ಕೈಯಲ್ಲೂ ಹಿಡಿದುಕೋ. ಹೊತ್ತಿಗೆ ಸರಿಯಾಗಿ ಉಣ್ಣು. ಮೇಲಿನಿಂದ ಕಾಯುವವನು ಯಾರೇ ಇರಲಿ, ನಿನ್ನ ಕ್ರೇನಿನ ಎತ್ತರಕ್ಕೆ ಒಮ್ಮೆ ಕಣ್ಣು ಹಾಯಿಸಲಿ.

ಇಂತಿ, ನಿನ್ನ ಒಳ್ಳೆಯದನ್ನೇ ಬಯಸುವ,
ಅಕ್ಕ

ತಾ.ಕ.: ಲಕೋಟೆಗೆ ಅಂಟು ತರಲು ಐದು ನಿಮಿಷ ಕೆಳಗೆ ಹೋಗಿದ್ದೆ. ವಾಪಸ್ ಬಂದಾಗ ರಿಮೋಟ್ ಅಪ್ಪನ ತೊಡೆಯ ಮೇಲಿರಲಿಲ್ಲ, ನಾನು ಕೂತಿದ್ದ ಕುರ್ಚಿಯ ಮೇಲಿತ್ತು. ಎರಡು ಒತ್ತಿದೆ, ನಿನ್ನ ಗೋಡೆಯ ಮಾತು ಹಾಗೇ ಇದೆ, ಅಳಿಸಿಲ್ಲ. ಆಮೇಲೆ ಒಂದು ಒತ್ತಿದೆ. ಇಷ್ಟುದ್ದದ ಪತ್ರದಲ್ಲಿ, ನಮ್ಮ ಮೂವರ ತಪ್ಪನ್ನೂ ಗಟ್ಟಿಯಾಗಿ ಕೇಳಿದ ಮೇಲೆ, ಅವರು ಎತ್ತಿಟ್ಟುಕೊಂಡದ್ದು ಇಷ್ಟೇ: ಹೇಗಿದ್ದೀಯ ಮೊಣಕಾಲು ನೋವು ಕಡಿಮೆಯಾಯಿತಾ. ಒಂದು ಪದ ಸೇರಿಸಿಲ್ಲ ಗುಬ್ಬಿ. ಆದರೆ ಜೀವಮಾನದಲ್ಲಿ ಮೊದಲ ಸಲ, ಮಿಕ್ಕದ್ದನ್ನೆಲ್ಲ ಬಿಟ್ಟಿದ್ದಾರೆ. ನೀನು ಸಹಿ ಹಾಕಿ ಕಳಿಸಿದ ಒಪ್ಪಿಗೆ ಪತ್ರ ಈ ಲಕೋಟೆಯಲ್ಲೇ ಇದೆ. ನಾನು ಸಹಿ ಹಾಕಿಲ್ಲ, ಹಾಕುವುದೂ ಇಲ್ಲ. ಅದನ್ನು ಹಿಡಿದುಕೊಂಡು ಒಂದನೇ ತಾರೀಖಿಗೆ ಮುಂಚೆ ಬಾ. ಹರಿಯುವುದಾದರೆ ಅವರ ಎದುರಿಗೆ ಹರಿ, ಕಳಿಸಲೇಬೇಕು ಅನ್ನುವುದಾದರೆ ಅವರ ಎದುರಿಗೇ ಹೇಳು.

ಕೊನೆಯ ಲೆಕ್ಕ ಬರೆದು ಮುಗಿಸುತ್ತೇನೆ. ಮೆಕ್ಯಾನಿಕ್‌ಗೆ ಹನ್ನೆರಡು ಬೆಡ್‌ಶೀಟ್. ಭಾವನ ಬಾಯಿಗೆ ಒಂದು ಬೀಗ. ನನಗೆ, ಬರೆದುಕೊಳ್ಳುವ ಅಪ್ಪ ವಾಪಸ್ಸು. ಅಪ್ಪನಿಗೆ ಒಂದು ಜೊತೆ ಹೊಸ ಬ್ಯಾಟರಿ. ನಿನಗೆ ಒಂದು ಪ್ರಶ್ನೆ.